ಕಪ್ಪು ಕಾರನ್ನು ಮೋಡದ ದಿನ ಮಾರಬೇಕು

ಇದು ನೋದರ್ ಹೇಳುವ ಮಾತು. ರುಸ್ತಾವಿಯ ಕಾರು ಸಂತೆಯಲ್ಲಿ
ಇಪ್ಪತ್ತು ವರ್ಷ ನಿಂತು ಬೂಟು ಸವೆಸಿದವನು.
ಆದರೆ ಇವತ್ತು ಶುಕ್ರವಾರ. ಆಗಸ್ಟು ತಿಂಗಳು.
ಉಕ್ಕಿನ ಕಾರ್ಖಾನೆಯ ಚಿಮಣಿಗಳ ಮೇಲೆ
ಹತ್ತಿಯೆಳೆಯಷ್ಟೂ ಮೋಡವಿಲ್ಲ.
ಕಾರನ್ನು ಶೆಡ್ಡಿನಿಂದ ಹೊರಗೆ ತಳ್ಳಿದೆ:
ಬಾನೆಟ್ಟಿನ ನಡುವೆ ಸೂರ್ಯ, ಅವನ ಸುತ್ತ
ಸಾವಿರ ಗೀರು, ಸುತ್ತು ಸುತ್ತು,
ಜೇಡ ತಾನೇ ಬಲೆಗೆ ಬಿದ್ದ ಹಾಗೆ.

ನಿಜ ಹೇಳಬೇಕೆಂದರೆ ಅವು ಸುತ್ತೇ ಅಲ್ಲ.
ಗೀರುಗಳು ಇರುವುದು ದಿಕ್ಕುದೆಸೆಯಿಲ್ಲದೆ;
ತನ್ನನ್ನು ಬಳಸಿ ಹೋದವನ್ನಷ್ಟೇ ಬೆಳಕು ಎತ್ತಿ ತೋರಿಸುತ್ತದೆ.
ಒಂದು ಹೆಜ್ಜೆ ಎಡಕ್ಕೆ ಸರಿದರೆ
ಬಲೆಯೂ ನನ್ನ ಜೊತೆ ಸರಿಯುತ್ತದೆ.

ಅಮೆರಿಕದಿಂದ ಹಡಗೇರಿ ಪೋತಿ ಬಂದರಿಗೆ ಇಳಿದ ಕಾರು.
ಅಲ್ಲಿ ಯಾರೋ ವಾರವಾರವೂ
ಬ್ರಷ್ಷುಗಳು ಗಿರಗಿರ ತಿರುಗುವ ಸುರಂಗದೊಳಗೆ ಹಾಯಿಸಿದ್ದಾರೆ,
ಮುತುವರ್ಜಿಯಿಂದ. ಮಣ್ಣು ಮೆತ್ತಿಕೊಂಡೇ ಬಿಟ್ಟಿದ್ದರೆ
ಇಷ್ಟು ಗಾಯ ಆಗುತ್ತಿರಲಿಲ್ಲ.

ಪಾಲಿಶ್ ಅಂಗಡಿಯ ಗೇಲಾ ಕೇಳಿದ್ದು ಆರುನೂರು ಲಾರಿ.
(ಲಾರಿ ಎಂದರೆ ಇಲ್ಲಿ ದುಡ್ಡು, ಚಕ್ರವಿಲ್ಲದಿದ್ದರೂ ಓಡಿಹೋಗುತ್ತದೆ.)
ಮೂಗಿಗಿಂತ ಮೂಗುತಿ ಭಾರ.
ನನ್ನ ಕಿಸೆಯಲ್ಲಿ ಎಂಬತ್ತು.
ಒಂದು ಸೀಸೆ ಪಾಲಿಶ್, ಒಂದೇ ಒಂದು ಕಿತ್ತಳೆ ಸ್ಪಂಜು,
ಎರಡು ಮೆತ್ತನೆಯ ಬಟ್ಟೆ, ಕಾಗದದ ಟೇಪು.
ಮೆಷಿನ್ ನೋದರನದು, ನಾಳೆ ಸಂಜೆಯವರೆಗೆ ಮಾತ್ರ,
ಬದಲಿಗೆ ಅವನ ಅತ್ತೆಯ ಫ್ರಿಜ್ಜನ್ನು ನಾಲ್ಕನೇ ಮಹಡಿಗೆ ಹೊರಬೇಕು.

ಪಾತ್ರೆ ತೊಳೆಯುವ ಸೋಪಿನಲ್ಲಿ ತೊಳೆದೆ.
ಬೆರಳಿಗೆ ಪ್ಲಾಸ್ಟಿಕ್ ಚೀಲ ಸುತ್ತಿ ಸವರಿದೆ.
ಬರಿಗೈಗೆ ನುಣುಪು ಅನ್ನಿಸಿದ್ದು
ಚೀಲದೊಳಗಿನ ಬೆರಳಿಗೆ ರವೆಯಂತೆ ತರಿತರಿ.

ಒಂದು ಮೊಳ ಉದ್ದ, ಒಂದು ಮೊಳ ಅಗಲ.
ಬಟಾಣಿಕಾಳಿನಷ್ಟು ನಾಲ್ಕು ಹನಿ.
ಮೆಲ್ಲಗೆ, ಎಮ್ಮೆ ನಡೆದಷ್ಟು ಮೆಲ್ಲಗೆ.
ಒರೆಸು. ಫೋನಿನ ಟಾರ್ಚು ಹಿಡಿ. ಸ್ಪಂಜು ತಿರುಗಿಸಿ ನೋಡು:
ಬೆಳ್ಳಗಿದ್ದರೆ ಸರಿ,
ಕಪ್ಪಾದರೆ ಕೈ ತೆಗೆ, ಬಣ್ಣಕ್ಕೇ ಇಳಿದಿದ್ದೀಯೆ.

ಗೀರು ಅಳಿಸುವುದು ಎನ್ನುತ್ತೇವೆ.
ಗೀರನ್ನು ಯಾರೂ ತುಂಬುವುದಿಲ್ಲ.
ಅದರ ಅಕ್ಕಪಕ್ಕದಲ್ಲಿ ಏನೂ ಆಗದೆ ನಿಂತದ್ದನ್ನೆಲ್ಲ
ಅದರ ಆಳಕ್ಕೆ ಸವೆಸುತ್ತೇವೆ.
ಆಮೇಲೆ ಅದನ್ನೇ ಹೊಳಪು ಎನ್ನುತ್ತೇವೆ.

ಮಧ್ಯರಾತ್ರಿಗೆ ಬಾನೆಟ್ಟು ಮುಗಿಯಿತು, ಬಾಗಿಲುಗಳು ಉಳಿದವು.
ನೋದರ್ ಬಂದು ಜೇಬಿನಿಂದ ಒಂದು ಡಬ್ಬಿ ತೆಗೆದ:
"ಈ ಜಿಡ್ಡು ಬಳಿ. ಎರಡು ಮಳೆಯವರೆಗೆ ಕನ್ನಡಿ. ಆಮೇಲೆ
ಅವರ ಕಾರು, ಅವರ ಮಳೆ."
ಡಬ್ಬಿ ಮುಟ್ಟಲಿಲ್ಲ ಎಂದರೆ ಸುಳ್ಳು.
ಹಿಂದಿನ ಬಂಪರಿಗೆ ಸ್ವಲ್ಪ ಬಳಿದೆ.

ಚಾಲಕನ ಬಾಗಿಲ ಹಿಡಿಯ ಕೆಳಗೆ, ಗುಳಿಯಲ್ಲಿ,
ನಾಲ್ಕು ಉಗುರಿನ ಗುರುತು, ಒಂದು ಉಂಗುರದ್ದು.
ಉಗುರಿನದು ಹೋಯಿತು. ಉಂಗುರದ್ದು ಆಳ.
ಬೆಳಗಿನ ಜಾವ ಅದಕ್ಕೆ ಟಾರ್ಚು ಹಿಡಿದು
ಒಂದು ಸಿಗರೇಟು ಮುಗಿಯುವಷ್ಟು ಹೊತ್ತು ಕೂತಿದ್ದೆ.
ಯಾರಿಗೋ ಅವಸರವಿತ್ತು, ದಿನಾಲೂ.

ಭಾನುವಾರ ಲಾಮಾರಾ ಬಂದಳು, ಅಲ್ವಾನಿಯಿಂದ,
ಕುರಿಗಿಣ್ಣು ಮಾರುವ ಹೆಂಗಸು, ಜೊತೆಗೆ ಟೇಪು ಹಿಡಿದ ಅಕ್ಕನ ಮಗ.
ಆಕಾಶದ ತುಂಬ ಮೋಡ.
ಬಾನೆಟ್ಟನ್ನು ಯಾರೂ ನೋಡಲಿಲ್ಲ.
ಡಿಕ್ಕಿಯನ್ನು ಮೂರು ಸಲ ಅಳೆದರು.
ಗಿಣ್ಣಿನ ಆರು ಪೀಪಾಯಿ ಹಿಡಿಯುತ್ತದೆಯೇ?
ಐದು, ಎಂದೆ. ಸೀಟು ಮಡಚಿದರೆ ಆರು.
ಸೀಟಿನ ಮೇಲಿನ ಬೀಡಿ ಸುಟ್ಟ ತೂತಿಗೆ ಇನ್ನೂರು ಇಳಿಸಿದಳು.

ನೋಟು ಕೈಗೆ ಬಂತು. ಅಷ್ಟರಲ್ಲಿ ಸಂತೆಯ ಧೂಳು
ಬಾನೆಟ್ಟಿನ ಮೇಲೆ ಹಿಟ್ಟು ಚೆಲ್ಲಿದ ಹಾಗೆ ಕೂತಿತ್ತು.
ಅವಳು ತಲೆಗೆ ಕಟ್ಟಿದ ಬಟ್ಟೆ ಬಿಚ್ಚಿ,
ಒಣಬಟ್ಟೆ, ನೀರಿಲ್ಲ, ಏನಿಲ್ಲ,
ಕಂದನ ಬೆನ್ನು ತಿಕ್ಕುವ ಹಾಗೆ
ಸುತ್ತು ಸುತ್ತು ಒರೆಸತೊಡಗಿದಳು.

ಬಾಯಿ ತೆರೆದೆ.
ನೋದರ್ ನನ್ನ ಕಾಲು ತುಳಿದ.
ಮೊದಲಿನಿಂದ ನೋಟು ಎಣಿಸಿದೆ.